ಟೀಚರುಗಳ ರೈಲು

ಬೆಳಗಿನ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಸಭಾಂಗಣದ ಫ್ಯಾನುಗಳೆಲ್ಲ ಒಟ್ಟಿಗೆ ನಿಂತವು. ಅಕ್ಕನ ಸರದಿ ಇನ್ನೆಷ್ಟು ಹೊತ್ತಿಗೆ ಬರುತ್ತದೋ ಎಂದು ಆಗಷ್ಟೇ ಗೋಡೆ ಗಡಿಯಾರ ನೋಡಿದ್ದೆ. ಹಾಗಾಗಿ ಆ ಮುಳ್ಳುಗಳು ಇವತ್ತಿಗೂ ಕಣ್ಣೊಳಗೆ ಹಾಗೇ ಇವೆ. ಕರೆಂಟು ಹೋಯಿತು ಅಂದುಕೊಂಡೆವು. ಬೇಸಿಗೆಯ ವಿಜಯವಾಡದಲ್ಲಿ ಅದೇನು ಹೊಸದಲ್ಲ. ಎಲ್ಲರೂ ಸೆರಗಿನಿಂದ ಗಾಳಿ ಬೀಸಿಕೊಳ್ಳತೊಡಗಿದರು. ಆಮೇಲೆ ಬಾಗಿಲ ಪಕ್ಕದ ಸ್ವಿಚ್ ಬೋರ್ಡಿನಿಂದ ಹೊಗೆ ಬಂತು.

ಅಕ್ಕ ಎಂದರೆ ವಿಶಾಖಪಟ್ಟಣದಲ್ಲಿ ನಮ್ಮ ಕೆಳಗಿನ ಮನೆಯವರು, ಪ್ರಾಥಮಿಕ ಶಾಲೆಯ ಟೀಚರು. ತಾಯಿ ಬಳ್ಳಾರಿಯವರು, ತಂದೆ ವಿಶಾಖಪಟ್ಟಣದ ತೆಲುಗಿನವರು. ನನ್ನ ಗಂಡನಿಗೆ ಅಲ್ಲಿಯ ದ್ವಾರಕಾ ನಗರ ಬಡಾವಣೆಯ ಬ್ಯಾಂಕಿಗೆ ವರ್ಗವಾಗಿ ನಾವು ಬಂದಿಳಿದ ದಿನ, ಮೆಟ್ಟಿಲ ಮೇಲೆ ನನ್ನ ಮಾತು ಕೇಳಿಸಿಕೊಂಡು, “ನಮ್ಮ ಬಳ್ಳಾರಿ ಕಡೆಯಾಕಿ ಏನಮ್ಮಾ? ಬಾ, ಅನ್ನ, ಬ್ಯಾಳಿ ಪಪ್ಪು ಐತಿ, ಉಂಡ್ಮ್ಯಾಲೆ ಸಾಮಾನು ಜೋಡಿಸಿಕೊಳ್ಳುವಂತಿ” ಅಂದವರು.

ಎಂಬತ್ತರ ದಶಕದ ಕೊನೆಯ ಮಾತು. ಶಾಲೆಗಳಿಗೆ ಹೊಸ ನಿಯಮ ಬರೆಯಲು ಒಂದು ಸಮಿತಿಯಾಗಿತ್ತು. ಅದರಲ್ಲಿ ಅಧಿಕಾರಿಗಳಿದ್ದರು, ಕಾಲೇಜಿನವರಿದ್ದರು. ಒಂದನೇ ತರಗತಿಯ ಮಕ್ಕಳಿಗೆ ಅಕ್ಷರ ತಿದ್ದಿಸುವವರು ಒಬ್ಬರೂ ಇರಲಿಲ್ಲ. ಅಕ್ಕ ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂಡಿಸಿಕೊಂಡು ಪಾಠ ಮಾಡುತ್ತಿದ್ದರು. ಸಮಿತಿಯ ವೇಳಾಪಟ್ಟಿ ಮಾತ್ರ ತರಗತಿಗೊಬ್ಬ ಟೀಚರು ಇದ್ದಾರೆಂದೇ ನಂಬಿಕೊಂಡಿತ್ತು. ಆ ಸಮಿತಿಯಲ್ಲಿ ತಮಗೂ ಒಂದು ಕುರ್ಚಿ ಬೇಕು ಎನ್ನುವುದಷ್ಟೇ ಅಕ್ಕನ ಮತ್ತು ಅವರ ಜೊತೆಯ ಟೀಚರುಗಳ ಬೇಡಿಕೆ. ವಿಜಯವಾಡದ ಸಭೆಯಲ್ಲಿ ಅದನ್ನು ಹೇಳದಿದ್ದರೆ ನಿಯಮಗಳು ಹಾಗೇ ಅಚ್ಚಿಗೆ ಹೋಗುತ್ತಿದ್ದವು.

ಹೇಳುವುದೇ ಕಷ್ಟವಾಗಿತ್ತು. ಕೋಣೆ ತುಂಬ ಮಕ್ಕಳನ್ನು ಒಂದು ನೋಟದಲ್ಲಿ ಸುಮ್ಮನಾಗಿಸುವ ಈ ಹೆಂಗಸರು ಇನ್‌ಸ್ಪೆಕ್ಟರು ಬಂದರೆ ಸೆರಗು ಹೊದ್ದು ಗೋಡೆಗೆ ಒರಗಿಬಿಡುತ್ತಿದ್ದರು. ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ನಿಂತವಳು. ಭಾನುವಾರ ಸಂಜೆ ನಮ್ಮ ಮಹಡಿಯ ಮೇಲೆ ಅವರನ್ನೆಲ್ಲ ಕೂಡಿಸಿ, ಗಂಡನ ಕನ್ನಡಕ ಹಾಕಿಕೊಂಡು ನಾನೇ ಅಧಿಕಾರಿಯಾಗುತ್ತಿದ್ದೆ. “ಬರೆದು ಕೊಡಿ, ನೋಡೋಣ” ಎಂದು ನಡುವೆ ಬಾಯಿ ಹಾಕುವುದು ನನ್ನ ಕೆಲಸ. ಬಿಡದೆ ಮಾತು ಮುಂದುವರಿಸುವುದು ಅವರ ಕೆಲಸ.

“ಮುಖ ಗಂಟು ಹಾಕೋದು ನಿನಗ ಎಷ್ಟು ಚೆಂದ ಬರ್ತೈತೇ. ನಿನ್ನ ಗಂಡ ಪಾಪ, ಅದಕ್ಕೇ ಬ್ಯಾಂಕಿಂದ ತಡವಾಗಿ ಬರ್ತಾನ” ಎಂದು ಅಕ್ಕ ಛೇಡಿಸುತ್ತಿದ್ದರು.

ಮಂಗಳಗಿರಿಯ ನೇಕಾರರ ಮನೆಯಲ್ಲಿ ಹುಟ್ಟಿ ವಿಶಾಖಪಟ್ಟಣದ ಶಾಲೆಗೆ ಬಂದಿದ್ದ ಒಬ್ಬ ಟೀಚರಮ್ಮ ಮಾತ್ರ “ನಮಸ್ಕಾರಂ ಸಾರ್” ದಾಟಿ ಒಂದಕ್ಷರ ಮುಂದೆ ಹೋಗಲಿಲ್ಲ. ಕೊನೆಗೆ ಎಲ್ಲರ ಪರವಾಗಿ ಅಕ್ಕನೇ ಮಾತಾಡುವುದೆಂದಾಯಿತು.

ಬೇರೆ ಬೇರೆ ಊರಿನ ಟೀಚರುಗಳು ಸೇರಿದ್ದ ಆ ಸಭೆ ನಡೆದದ್ದು ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರದ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ. ಅಕ್ಕನ ಜೊತೆಗೆಂದು ನಾನೂ ಹೋಗಿದ್ದೆ. ಹಿಂದಿನ ಮೆಟ್ಟಿಲಿಗೆ ಬೀಗ ಹಾಕಿತ್ತು. ಹೊಗೆ ಕಂಡದ್ದೇ ಎಲ್ಲರೂ ಒಂದೇ ಬಾಗಿಲಿಗೆ ನುಗ್ಗಿದರು. ನನ್ನ ಸೆರಗು ಯಾರದೋ ಕಾಲಡಿ ಸಿಕ್ಕಿ ಕತ್ತು ಹಿಂದಕ್ಕೆ ಜಗ್ಗಿತು. ಮುಂದೆ ಒಬ್ಬರು ಬಿದ್ದರು, ಅವರ ಮೇಲೆ ಇನ್ನೊಬ್ಬರು. ನನ್ನ ಎದೆ ಗೋಡೆಗೆ ಒತ್ತಿಕೊಂಡಿತ್ತು. ಉಸಿರು ಬಿಡಲು ಆಗುತ್ತಿತ್ತು, ಎಳೆದುಕೊಳ್ಳಲು ಆಗುತ್ತಿರಲಿಲ್ಲ. ಇಲ್ಲಿಂದ ಮುಂದಿನದನ್ನು ನೆನೆದಾಗಲೆಲ್ಲ ಮೊದಲು ಆ ಗೋಡೆಯ ತಣ್ಣನೆಯ ಸುಣ್ಣ ಕೆನ್ನೆಗೆ ತಗಲುತ್ತದೆ.

ಆಗ ಹಿಂದಿನಿಂದ ಚಪ್ಪಾಳೆ ಕೇಳಿಸಿತು. ನಿಧಾನವಾಗಿ ಎರಡು, ಬೇಗಬೇಗ ಮೂರು. ಅಕ್ಕ ಕುರ್ಚಿ ಹತ್ತಿ ನಿಂತಿದ್ದರು. ಗದ್ದಲದ ತರಗತಿಯನ್ನು ಸುಮ್ಮನಾಗಿಸಲು ಅವರೆಲ್ಲ ಹೊಡೆಯುವ ಚಪ್ಪಾಳೆ ಅದು. ಮಕ್ಕಳು ಅದೇ ಲಯದಲ್ಲಿ ತಿರುಗಿ ಹೊಡೆದು ಕೈಕಟ್ಟಿ ನಿಲ್ಲಬೇಕು. ವರ್ಷಗಟ್ಟಲೆ ಮಕ್ಕಳಿಗೆ ಕಲಿಸಿದ್ದು ಟೀಚರುಗಳ ಕೈಗೇ ಹತ್ತಿಬಿಟ್ಟಿತ್ತು. ಅಕ್ಕ ಮತ್ತೊಮ್ಮೆ ಹೊಡೆದರು. ಈ ಸಲ ಸಭಾಂಗಣವೆಲ್ಲ ತಿರುಗಿ ಹೊಡೆಯಿತು, ಹೊಡೆದು ನಿಂತಿತು.

“ಬಿದ್ದವರನ್ನು ಎತ್ತಿ. ಈಗ ರೈಲು” ಎಂದರು ಅಕ್ಕ, ತೆಲುಗಿನಲ್ಲಿ, ಮಧ್ಯಾಹ್ನದ ಊಟಕ್ಕೆ ಮಕ್ಕಳನ್ನು ಬಿಡುವ ದನಿಯಲ್ಲಿ.

ಮುಂದಿನವರ ಹೆಗಲ ಮೇಲೆ ಕೈಯಿಟ್ಟು ಸಾಲು ಹೊರಟಿತು. ವೇದಿಕೆಯ ಮೇಲಿದ್ದ ದೊಡ್ಡ ಅಧಿಕಾರಿ ಎಲ್ಲರನ್ನೂ ಸರಿಸಿ ಮುಂದೆ ಹೋಗಲು ನೋಡಿದಾಗ ಯಾರೋ ಅಂದರು: “ಸಾರ್, ರೈಲಿನಲ್ಲಿ ಓವರ್‌ಟೇಕ್ ಇಲ್ಲ.” ಅಧಿಕಾರಿ ಮಂಗಳಗಿರಿಯ ಟೀಚರಮ್ಮನ ಹೆಗಲು ಹಿಡಿದರು. ಅವರ ಹಿಂದೆ ನಾನು. ನನ್ನ ಹೆಗಲ ಮೇಲೆ ಯಾರ ಕೈಯಿತ್ತೋ ಇಂದಿಗೂ ಗೊತ್ತಿಲ್ಲ. ಆ ಕೈ ತಳ್ಳಲಿಲ್ಲ. ಅದಕ್ಕೆ ನಾನು ಋಣಿ.

ಎಲ್ಲರೂ ಇಳಿದೆವು. ಕಡೆಯಲ್ಲಿ ಇಳಿದ ಅಕ್ಕ ಕೆಮ್ಮುತ್ತಲೇ ಕುಸಿದರು. ಅವರನ್ನು ಎದುರಿನ ಆಸ್ಪತ್ರೆಗೆ ಎತ್ತಿಕೊಂಡು ಹೋಗುವಾಗ ನನ್ನ ಕೈ ಹಿಡಿದು, “ಮಾತಾಡ್ಲಾರ್ದ ಬಿಡಬ್ಯಾಡ್ರಿ” ಅಂದರು.

ಇಬ್ಬರು ಟೀಚರುಗಳು ಅವರ ಜೊತೆ ಹೋದರು, ನಾನು ತಿರುಗಿ ಬಂದೆ. ಅಧಿಕಾರಿ ಆಗಲೇ ಜೀಪಿನ ಬಾಗಿಲು ತೆಗೆದಿದ್ದರು. “ಸಭೆ ಮುಂದಕ್ಕೆ ಹಾಕಿದೆ. ನಿಮ್ಮದೇನಿದ್ದರೂ ಬರೆದು ಕೊಡಿ.”

ನಾನಲ್ಲ, ಬಾಯಿ ತೆರೆದವರು ಮಂಗಳಗಿರಿಯ ಟೀಚರಮ್ಮ. “ನಮಸ್ಕಾರಂ ಸಾರ್,” ಎಂದು ನಿಲ್ಲಿಸಿದರು. ಇನ್ನು ಮುಗಿಯಿತು ಅಂದುಕೊಂಡೆ. “ಮೇಲೆ ನಮ್ಮಕ್ಕ ಹೇಗೆ ಮಾಡಿದರು ನೋಡಿದಿರಲ್ಲ, ನಾವು ದಿನಾ ಮಾಡೋದು ಅದನ್ನೇ. ಮೂರು ಕ್ಲಾಸು, ಒಂದು ಬಾಗಿಲು. ನೀವು ಬರೆದ ನಿಯಮದಲ್ಲಿ ಆ ಕೋಣೆ ಇಲ್ಲ. ಸ್ವಲ್ಪ ಕೂತು ಕೇಳಿ ಸಾರ್.”

ಅಧಿಕಾರಿ ಜೀಪಿನ ಬಾಗಿಲು ಮುಚ್ಚಿ, ಮುಚ್ಚಿದ್ದ ಒಂದು ಷೋರೂಮಿನ ಮೆಟ್ಟಿಲ ಮೇಲೆ ಕೂತರು. ಲಾರಿಗಳ ಸದ್ದಿನ ನಡುವೆ ಟೀಚರುಗಳು ಒಬ್ಬರಾದ ಮೇಲೊಬ್ಬರು ಮಾತಾಡಿದರು. ಅಧಿಕಾರಿ ನಡುವೆ ಬಾಯಿ ಹಾಕಲಿಲ್ಲ.

ಅಕ್ಕ ಚೇತರಿಸಿಕೊಂಡು ಶಾಲೆಗೆ ಹೋಗತೊಡಗಿದರು. ನಾನು ಮಾತ್ರ ನಿದ್ದೆಗೆಟ್ಟೆ. ಕಣ್ಣು ಮುಚ್ಚಿದರೆ ಸುಣ್ಣದ ಗೋಡೆ. ಪಕ್ಕದ ಮನೆಯ ಒಗ್ಗರಣೆ ಸೀದರೂ ಎದ್ದು ಬಾಗಿಲ ಬಳಿ ಓಡುತ್ತಿದ್ದೆ. ಗಂಡ ಬಾಗಿಲಿಗೆ ಚಿಲಕ ಹಾಕುವುದನ್ನೇ ಬಿಟ್ಟರು. ಅದಕ್ಕೂ ನಾನು ಋಣಿ.

ಮಳೆಗಾಲ ಕಳೆದ ಮೇಲೆ ಸಮಿತಿಯಿಂದ ಅಕ್ಕನಿಗೂ ಮಂಗಳಗಿರಿಯ ಟೀಚರಮ್ಮನಿಗೂ ಸದಸ್ಯರಾಗಲು ಕರೆ ಬಂತು. ಮೊದಲ ಸಭೆ ಮುಗಿಸಿ ರಾತ್ರಿ ರೈಲಿಳಿದ ಅಕ್ಕ, ತಮ್ಮ ಮನೆಯ ಬೀಗ ಕೂಡ ತೆಗೆಯದೆ ಚೀಲ ಹಿಡಿದು ಮೇಲೆ ನಮ್ಮಲ್ಲಿಗೇ ಬಂದರು.

“ಹೆಂಗಿತ್ತಕ್ಕಾ?”

“ಏನೈತಮ್ಮಾ, ಕುರ್ಚಿ ಗಟ್ಟಿ, ಚಹಾ ನೀರು. ಒಬ್ಬಾಂವ ತಾಸುಗಟ್ಟಲೆ ಕೊರೆದ. ನನಗ ತೂಕಡಿಕಿನೇ ಬಂತು.” ಕಾಲು ಚಾಚಿ ಕೂತು ನಕ್ಕರು. “ವೇಳಾಪಟ್ಟಿ ತಿದ್ದಾಕ ಒಪ್ಪಿದ್ರು. ಬಾಗಿಲು ಎರಡಿದ್ವು ನೋಡು ಅಲ್ಲಿ, ಎರಡೂ ತೆಗೆದಿದ್ವು. ನಿನಗ ಹೇಳ್ಬೇಕಂತ ಮೊದಲು ಅದನ್ನೇ ನೋಡಿದೆ.”

ಅವರು ಹೇಳುತ್ತಲೇ ಇದ್ದರು. ನಾನು ಅಲ್ಲೇ ಚಾಪೆಯ ಮೇಲೆ ಒರಗಿದೆ. ಮತ್ತೆ ಎಚ್ಚರವಾದದ್ದು ಹಾಲಿನವನು ಬಾಗಿಲು ಬಡಿದಾಗ. ಬೆಳಗಾಗಿತ್ತು. ನನ್ನ ಮೇಲೆ ಅಕ್ಕನ ಶಾಲು ಇತ್ತು.