ಫೋಟೋದ ಅಂಚಿನಲ್ಲಿದ್ದ ಕೈ

ನಮ್ಮ ಹಾನಗಲ್ಲಿನ ಹುಡುಗಿಯರು ಓಟದ ಮೈದಾನಕ್ಕೆ ಇಳಿದದ್ದೇ ಪೇಪರಿನಲ್ಲಿ ಬಂದ ನನ್ನ ಫೋಟೋದಿಂದ ಎಂದು ಈಗ ಕೆಲವರು ಹೇಳುತ್ತಾರೆ. ಹೇಳುವವರಿಗೇನು, ಬಾಯಿ ಇದೆ, ಹೇಳುತ್ತಾರೆ. ಆಮೇಲೆ ನಮ್ಮ ಓಣಿಯ ಅಪ್ಪಂದಿರು ಮಕ್ಕಳನ್ನು ಆಟಕ್ಕೆ ಕಳಿಸಿದ್ದು ನಿಜ. ಆದರೆ ಆ ಫೋಟೋ ಮೊದಲು ಮಾಡಿದ ಕೆಲಸವೆಂದರೆ ನನ್ನ ಶಾಲೆ ಬಿಡಿಸಿದ್ದು.

ಅರವತ್ತರ ದಶಕದ ಮಾತು. ಸವಣೂರಿನಲ್ಲಿ ಹೈಸ್ಕೂಲು ಆಟಗಳು ನಡೆದಿದ್ದವು. ಓಟದಲ್ಲಿ ನಾನು ಮೊದಲು ಬಂದೆ. ದಾರ ಎದೆಗೆ ತಾಗುತ್ತಲೇ ಜನ ಮೈಮೇಲೆ ಬಿದ್ದರು. ಯಾರು ಹಿಡಿದರು, ಯಾರು ಬೆನ್ನು ತಟ್ಟಿದರು, ನನಗೆ ಉಸಿರಿದ್ದರೆ ತಾನೆ ಗೊತ್ತಾಗಲು! ಮುಂದೆ ಧಾರವಾಡದಲ್ಲಿ ಓಡಬೇಕಿತ್ತು. ಅಷ್ಟರಲ್ಲಿ ಹುಬ್ಬಳ್ಳಿಯ ಪೇಪರಿನಲ್ಲಿ ಫೋಟೋ ಬಂತು. ಬಿಚ್ಚಿದ ಜಡೆ, ತೆರೆದ ಬಾಯಿ, ಮತ್ತೆ ಅಂಚಿನಿಂದ ಚಾಚಿ ನನ್ನ ಭುಜ ಹಿಡಿದ ಒಂದು ಕೈ. ಮೊಣಕೈ ಬರುವಷ್ಟರಲ್ಲಿ ಫೋಟೋ ಮುಗಿದಿತ್ತು.

ಆಯಿ, ಅಂದರೆ ಅಪ್ಪನ ತಾಯಿ, ಪೇಪರನ್ನು ಬಾಗಿಲ ಬೆಳಕಿಗೆ ಹಿಡಿದಳು.

"ಯಾರದು ಈ ಕೈ?"

"ನಂಗ ಗೊತ್ತಿಲ್ಲಾಯಿ."

"ಕೈಯಾಗ ಒಂದ ಗಾಜಿನ ಬಳಿ ಇಲ್ಲ. ಗಂಡಸಿನ ಕೈ ಇದು. ಭುಜ ಹಿಡದಾನ, ಇಕಿಗೆ ಗೊತ್ತಿಲ್ಲಂತ! ಬೆಂಕಿ ಇಲ್ದ ಹೊಗಿ ಆಡ್ತೈತೇನು?"

ಅಂದಿನಿಂದ ಮನೆಯಲ್ಲಿ ಕೈ ಹುಡುಕುವುದೇ ಕೆಲಸವಾಯಿತು. ಅಪ್ಪ ಶಾಲೆಗೆ ಹೋಗಿ ಡ್ರಿಲ್ ಮಾಸ್ತರರ ಕೈ ನೋಡಿ ಬಂದ. ಅವರ ಕೈಗೆ ಗಡಿಯಾರವಿತ್ತು, ಫೋಟೋದ ಕೈಗೆ ಇರಲಿಲ್ಲ. "ಬಿಚ್ಚಿಟ್ಟಿರಬೇಕು ಆ ಮಗ" ಎಂದ. ಅಂಗಡಿಯಲ್ಲಿ ಕಾಳು ಅಳೆಯುವಾಗ ಗಿರಾಕಿಗಳ ಮುಖ ಬಿಟ್ಟು ಕೈ ನೋಡತೊಡಗಿದ. ಆ ಸಂಶಯ ನನಗೂ ಅಂಟಿತು. ನನ್ನದೇ ಭುಜ, ಮುಟ್ಟಿದವರು ಯಾರೆಂದು ನನಗೇ ತಿಳಿಯದೆ? ಹಿಂದೆ ಹೆಜ್ಜೆ ಸದ್ದಾದರೆ ತಿರುಗಿ ಮೊದಲು ಕೈ ನೋಡುತ್ತಿದ್ದೆ. ಮೈಯೆಲ್ಲ ಸಿಟ್ಟು, ಯಾರ ಮೇಲೆ ಕಾರುವುದು?

ಶಾಲೆ ನಿಂತಿತು. ಚಿಕ್ಕೇರೂರಿನ ಒಂದು ಮನೆಯವರು ತಮ್ಮ ಮಗನಿಗೆ ನನ್ನನ್ನು ಕೇಳಿದ್ದರು. ಪೇಪರಿನ ಸುದ್ದಿ ಅಲ್ಲಿಗೆ ಮುಟ್ಟುವ ಮೊದಲೇ ಕೊಟ್ಟು ಮುಗಿಸಬೇಕೆಂದು ಆಯಿಯ ಅವಸರ. ಅವರು ಸೋಮವಾರ ಮಾತಾಡಲು ಬರುವುದೆಂದು ನಿಶ್ಚಯವಾಯಿತು.

ಹಿಂದಿನ ದಿನ ಊಟಕ್ಕೆ ಕುಳಿತಾಗ ಅಪ್ಪ ಮತ್ತೆ ಕೇಳಿದ. "ಖರೇ ಹೇಳಿಬಿಡು. ಯಾಂವ ಅಂವ?"

ನಾನು ಅಳತೊಡಗಿದೆ.

ಒಲೆಯ ಮುಂದಿನಿಂದ ಅತ್ತಿ ಎದ್ದು ಬಂದಳು. ಅತ್ತಿ ಅಪ್ಪನ ತಂಗಿ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರು ಸೇರಿದವಳು, ಬಳಗದವರ ಮನೆ ಬಿಟ್ಟರೆ ಎಲ್ಲಿಗೂ ಹೋಗದವಳು. ಪೇಪರು ತಂದು ಅಪ್ಪನ ತಾಟಿನ ಪಕ್ಕದಲ್ಲಿ ಹಾಸಿ, ಅದರ ಮೇಲೆ ತನ್ನ ಬಲಗೈ ಇಟ್ಟಳು. ಹಿಟ್ಟು ಮೆತ್ತಿದ ಬೋಳು ಕೈ.

"ಅಂವ ಅಲ್ಲಣ್ಣಾ, ನಾನು. ಅವತ್ತು ಬಂಕಾಪುರಕ್ಕ ಚಿಗವ್ವನ ನೋಡಾಕ ಹೋಗಿದ್ನೆಲ್ಲ, ಅಲ್ಲಿಂದ ಸವಣೂರಿಗೆ ಹೋದ್ನಿ. ಇಕಿ ಓಡೂದು ನೋಡಬೇಕನಿಸ್ತು. ಬೀಳ್ತಾಳಂತ ಹಿಡದ್ನಿ. ಗೆದ್ದಾಕಿನ್ನ ಮೊದಲ ಮುಂಡಿ ಮುಟ್ಟಿದ್ಲು, ಅಪಶಕುನ ಅಂತ ಬೈತೀರಿ, ಅದಕ್ಕ ಬಾಯಿ ಮುಚ್ಕೊಂಡಿದ್ನಿ."

ಅಪ್ಪ ಫೋಟೋ ನೋಡಿದ, ತಂಗಿಯ ಕೈ ನೋಡಿದ. ಅದೇ ಸೊಟ್ಟ ಕಿರುಬೆರಳು.

ಆಯಿ ಮಾತ್ರ ನಂಬಲಿಲ್ಲ. "ಹುಡುಗಿನ್ನ ಉಳಸಾಕ ಸುಳ್ಳ ಹೇಳಾಕತ್ತೀ. ಅದು ಗಂಡಸಿನ ಕೈ."

ಅತ್ತಿ ಆಯಿಯ ಕಡೆ ತಿರುಗಿದಳು. ಅವಳ ದನಿ ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಈ ಕೈಯಾಗಿನ ಬಳಿ ನೀನ ಒಡದೀಯಬೇ. ನಿನಗೂ ಗುರ್ತು ಸಿಗಲಿಲ್ಲೇನು?"

ಆಯಿ ತನ್ನ ಕೈ ನೋಡಿಕೊಂಡಳು. ಅಜ್ಜ ತೀರಿದಂದಿನಿಂದ ಅದೂ ಬೋಳೇ. ಆಮೇಲೆ ಅದನ್ನು ಸೆರಗಿನೊಳಗೆ ಎಳೆದುಕೊಂಡು, ಅಪ್ಪನ ಮುಖ ನೋಡದೆ ಹೇಳಿದಳು:

"ಚಿಕ್ಕೇರೂರವ್ರಿಗೆ ಬರಬ್ಯಾಡ್ರಿ ಅಂತ ಹೇಳಿ ಕಳಸು. ಧಾರವಾಡಕ್ಕ ಇವ್ರಿಬ್ರೂ ಹೋಗ್ಲಿ."