ಥರ್ಡ್ ಬೇಸಿನ ಪಕ್ಕ ನನಗೊಂದು ಜಾಗ

ಏಪ್ರಿಲ್ ಬಂತೆಂದರೆ ಗರಾಜು ಗುಡಿಸುವ ಕೆಲಸವನ್ನು ನಮ್ಮ ಮನೆಯಲ್ಲಿ ನನ್ನ ತಲೆಗೆ ಕಟ್ಟುತ್ತಾರೆ. ಚಳಿಗಾಲದ ಉಪ್ಪಿನ ಚೀಲ, ಹಿಮ ಎತ್ತುವ ಸಲಿಕೆ, ಯಾರೂ ತುಳಿಯದ ಸೈಕಲ್ಲು ಎಲ್ಲವನ್ನೂ ಗೊಣಗುತ್ತಲೇ ಸರಿಸುತ್ತಿದ್ದೆ. ಮೂಲೆಯಲ್ಲಿ ಒಂದು ಹಳೆಯ ಕ್ಯಾನ್ವಾಸ್ ಚೀಲ ಸಿಕ್ಕಿತು. ಜಿಪ್ಪು ಎಳೆದರೆ ಒಳಗಿಂದ ಕೊಬ್ಬರಿ ಎಣ್ಣೆಯ ವಾಸನೆ. ಸ್ವಲ್ಪ ಮುಗ್ಗಿತ್ತು, ಆದರೂ ಗುರುತು ಸಿಕ್ಕಿತು. ಒಳಗಿದ್ದದ್ದು ನನ್ನ ಬೇಸ್‌ಬಾಲ್ ಗ್ಲೌಸು.

ಗ್ಲೌಸಿನ ತೊಗಲು ಮೆತ್ತಗಾಗಲು ಇಲ್ಲಿನ ಅಂಗಡಿಗಳಲ್ಲಿ ಬೇರೆಯೇ ಎಣ್ಣೆ ಸಿಗುತ್ತದೆ. ಅದನ್ನು ಬಿಟ್ಟು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದವರು ನಾವಿರುವ ಇಡೀ ಮಿಸಿಸಾಗ ನಗರದಲ್ಲಿ ಒಬ್ಬರೇ ಇದ್ದರೇನೋ. ತಮ್ಮದಕ್ಕೆ ಹಚ್ಚಿಕೊಂಡು ಸುಮ್ಮನಿರುತ್ತಿರಲಿಲ್ಲ, ತಂಡದ ಎಲ್ಲರ ಗ್ಲೌಸಿಗೂ ತಾವೇ ಕೂತು ತಿಕ್ಕುತ್ತಿದ್ದರು. ನಾವು ಅವರನ್ನು ಕಾಕಾ ಅನ್ನುತ್ತಿದ್ದೆವು.

ಕಾಕಾ ಧಾರವಾಡದ ಕಡೆಯವರು. ನಮ್ಮ ಸಾಲಿನಲ್ಲೇ, ನಾಲ್ಕು ಬಾಗಿಲು ಆಚೆ ಅವರ ಮನೆ. ಏರ್‌ಪೋರ್ಟಿನ ಸರಕು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದರು. ನಾನು ಮೈಸೂರಿನವನು, ‘ಕಾಕಾ’ ನನ್ನ ಬಾಯಿಗೆ ಹೊಸದು. ವಯಸ್ಸಿನಲ್ಲಿ ನನಗಿಂತ ಅಷ್ಟೇನೂ ದೊಡ್ಡವರಲ್ಲದಿದ್ದರೂ ಮೊದಲ ದಿನವೇ ನನ್ನನ್ನು ‘ತಮ್ಮಾ’ ಅಂದುಬಿಟ್ಟರು. ಅಲ್ಲಿಗೆ ಅವರ ದೊಡ್ಡತನ ನಿಶ್ಚಯವಾಯಿತು.

ನಮ್ಮ ತಂಡ ಹುಟ್ಟಿದ್ದು ಬೇಸ್‌ಬಾಲಿನ ಮೇಲಿನ ಪ್ರೀತಿಯಿಂದ ಖಂಡಿತ ಅಲ್ಲ. ನಮಗೆ ಬೇಕಿದ್ದದ್ದು ಕ್ರಿಕೆಟ್ಟು. ಕ್ರಿಕೆಟ್ ಮೈದಾನಕ್ಕೆ ನಮಗಿಂತ ಮುಂದೆ ನಿಂತವರ ಸಾಲು ದೊಡ್ಡದಿತ್ತು. ಶಾಲೆಯ ಹಿಂದಿನ ಬೇಸ್‌ಬಾಲ್ ಮೈದಾನ ಭಾನುವಾರ ಬೆಳಗ್ಗೆ ಖಾಲಿ ಬಿದ್ದಿರುತ್ತಿತ್ತು. "ಚೆಂಡೈತಿ, ಬಡಿಗಿ ಐತಿ, ಮತ್ತೇನ ಬೇಕ?" ಅಂದರು ಕಾಕಾ. ಹೀಗೆ ನಡುವಯಸ್ಸಿನಲ್ಲಿ ನಾವೊಂದಿಷ್ಟು ಜನ ಬೇಸ್‌ಬಾಲ್ ಆಟಗಾರರಾದೆವು.

ಆಟಗಾರರು ಅನ್ನುವುದು ದೊಡ್ಡ ಮಾತಾಯಿತು. ಮೊದಮೊದಲು ನಮ್ಮವರು ಚೆಂಡು ಹೊಡೆದ ಮೇಲೆ ಬ್ಯಾಟನ್ನು ಕೈಯಲ್ಲೇ ಹಿಡಿದು ಓಡುತ್ತಿದ್ದರು. ಓಡಿ ಮುಟ್ಟಬೇಕಾದ ಚೌಕ ಮೆತ್ತೆ, ಅಂದರೆ ಬೇಸ್, ಹತ್ತಿರ ಬಂದಾಗ ಬಗ್ಗಿ, ಬ್ಯಾಟಿನ ತುದಿಯನ್ನು ಉದ್ದಕ್ಕೆ ಚಾಚಿ, ಬೇಸಿಗೆ ಮುಟ್ಟಿಸಿ ನಿಂತುಬಿಡುತ್ತಿದ್ದರು. ಕ್ರೀಸು ಮುಟ್ಟಿದ ಹಾಗೆ! ಈ ಆಟದಲ್ಲಿ ಬೇಸನ್ನು ಮೈಯಿಂದಲೇ ಮುಟ್ಟಬೇಕು, ಬ್ಯಾಟು ಮುಟ್ಟಿದರೆ ಯಾರಿಗೂ ಲೆಕ್ಕವಿಲ್ಲ. ಒಮ್ಮೆ ಹಾಗೆ ಮುಟ್ಟಿಸಿದ ಕಾಕಾರನ್ನು ಅಂಪೈರು ಔಟ್ ಅಂದಾಗ "ಬ್ಯಾಟ್ ಒಳಗ ಐತಲ್ರೀ!" ಎಂದು ಆ ಬಿಳಿಯ ಮುದುಕನ ಜೊತೆ ಕನ್ನಡದಲ್ಲೇ ಜಗಳಕ್ಕೆ ನಿಂತಿದ್ದರು. ಅಕ್ಕಪಕ್ಕದ ತಂಡಗಳ ಎದುರು ವಾರ ವಾರ ಸೋಲುತ್ತಿದ್ದೆವು. ಸೋತು, ಪಾರ್ಕಿಂಗ್ ಜಾಗದಲ್ಲಿ ಕಾರಿನ ಡಿಕ್ಕಿ ತೆರೆದು, ಕಾಕಾರ ಹೆಂಡತಿ ಕಾಕೂ ಕಟ್ಟಿಕೊಟ್ಟ ಮಂಡಕ್ಕಿ ಗಿರ್ಮಿಟ್ ತಿಂದು, ನಗುತ್ತ ಮನೆಗೆ ಹೋಗುತ್ತಿದ್ದೆವು.

ಆಮೇಲೆ ಮಕ್ಕಳು ಬೆಳೆದರು. ಇಲ್ಲೇ ಹುಟ್ಟಿದವರು, ಬಾಲವಾಡಿಯಿಂದಲೇ ಈ ಆಟ ಆಡಿದವರು. ಒಬ್ಬೊಬ್ಬರಾಗಿ ತಂಡಕ್ಕೆ ಬಂದರು, ಬಂದವರು ಗೆಲ್ಲಿಸತೊಡಗಿದರು. ಅವರಲ್ಲೆಲ್ಲ ಚುರುಕು, ತಂಡದ ಹಿರಿಯರಲ್ಲೊಬ್ಬರಾದ ಬೆಳಗಾವಿಯವರ ಮಗಳು. ಕಾಲೇಜಿಗೆ ಹೋಗುವ ಹುಡುಗಿ, ನನಗಿಂತ ಎತ್ತರ. ಕಾಕಾ ಎಣ್ಣೆ ತಿಕ್ಕಿಕೊಟ್ಟ ಗ್ಲೌಸನ್ನು ಮೂಸಿ ನೋಡಿ, "ಓ ಮೈ ಗಾಡ್, ಇಟ್ ಸ್ಮೆಲ್ಸ್ ಲೈಕ್ ಮೈ ಅಜ್ಜೀಸ್ ಹೇರ್" ಅಂದವಳು ಅವಳೇ. ನಾವು ಕನ್ನಡದಲ್ಲಿ ಏನು ಹೇಳಿದರೂ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಮಕ್ಕಳ ಒತ್ತಾಯಕ್ಕೆ ಕಾಕಾ ತಂಡವನ್ನು ಒಂದು ಲೀಗಿಗೆ ಸೇರಿಸಿದರು. ಅಲ್ಲಿಂದ ತಲೆನೋವು ಶುರುವಾಯಿತು. ಮೈದಾನಕ್ಕಿಳಿಯುವವರು ಒಂಬತ್ತು ಜನ, ನಮ್ಮಲ್ಲಿದ್ದವರು ಅದಕ್ಕಿಂತ ಹೆಚ್ಚು. ಕಿರಿಯರನ್ನು ಬೆಂಚಿನ ಮೇಲೆ ಕೂರಿಸಿದರೆ ಅವರು ಬೇರೆ ತಂಡ ಹುಡುಕಿಕೊಂಡು ಹೋಗುತ್ತಾರೆ. ಹಿರಿಯರನ್ನು ಕೂರಿಸಿದರೆ, ಈ ತಂಡ ಕಟ್ಟಿದ್ದಾದರೂ ಯಾಕೆ? ತಂಡದ ಯಜಮಾನಿಕೆಯೂ ಕಾಕಾರದೇ, ಚೆಂಡು ಎಸೆಯುವ ಪಿಚರ್ ಕೂಡ ಅವರೇ. ಎರಡು ಕಡೆಯ ಮುನಿಸೂ ಅವರ ಮೈಮೇಲೇ ಬರುತ್ತಿತ್ತು.

ನನ್ನ ಜಾಗ ಫಸ್ಟ್ ಬೇಸ್. ಬೇರೆಯವರು ಎಸೆದ ಚೆಂಡನ್ನೆಲ್ಲ ಹಿಡಿಯಬೇಕಾದ ಜಾಗ ಅದು. ಆ ಬೇಸಿಗೆಯಲ್ಲಿ ನಾನು ಹಿಡಿದದ್ದಕ್ಕಿಂತ ಬಿಟ್ಟದ್ದೇ ಹೆಚ್ಚು. ಬ್ಯಾಟು ಹಿಡಿದರೆ ಗಾಳಿಗೆ ಬೀಸಿ ವಾಪಸು ಬರುತ್ತಿದ್ದೆ. ಅದೇ ಬೇಸಿಗೆಯಲ್ಲಿ ನನ್ನ ಕೆಲಸವೂ ಹೋಗಿತ್ತು. ಓಕ್‌ವಿಲ್ಲಿನ ಆಫೀಸಿನಲ್ಲಿ ವರ್ಷಗಟ್ಟಲೆ ದುಡಿದವನಿಗೆ, ಒಂದು ವಿಡಿಯೊ ಕಾಲಿನಲ್ಲಿ, ಕ್ಯಾಮೆರಾ ಕೂಡ ಆನ್ ಮಾಡದ ಯಾವುದೋ ದನಿ ಏನನ್ನೋ ಓದಿ ಹೇಳಿ ಮುಗಿಸಿತು. ನಾನು ಮಾತಾಡುವಷ್ಟರಲ್ಲಿ ಪರದೆ ಖಾಲಿಯಾಗಿತ್ತು. ವಾರದ ಆರು ದಿನ ಮನೆಯಲ್ಲಿ ಕಳ್ಳನ ಹಾಗೆ ಓಡಾಡುತ್ತಿದ್ದೆ. ಭಾನುವಾರ ಜೆರ್ಸಿ ತೊಟ್ಟಾಗ ಮಾತ್ರ ನಾನೂ ಒಬ್ಬ ಬೇಕಾದವನು ಅನ್ನಿಸುತ್ತಿತ್ತು. ಅದೂ ಹೋದರೆ ನನಗೆ ಉಳಿಯುವುದೇನು... ಹೆದರಿಕೆಯಾಗುತ್ತಿತ್ತು, ನಿಜವಾಗಿಯೂ.

ಒಂದು ಶನಿವಾರ ಮಧ್ಯಾಹ್ನ ಕಾಕಾ ಬಂದರು. ಕೈಯಲ್ಲಿ ಶೇಂಗಾ ಚಟ್ನಿಪುಡಿಯ ಡಬ್ಬಿ. ನಾಲ್ಕು ಬಾಗಿಲು ಆಚೆಯಿಂದ ಬರುವಾಗಲೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಕೂತರು, ಚಹಾ ಕುಡಿದರು, ಲೋಟ ಕೆಳಗಿಟ್ಟರು.

"ನಾಳಿ ನಿನ್ನ ಆಡ್ಸಂಗಿಲ್ಲ, ತಮ್ಮಾ. ಮುಂದನೂ ಫಸ್ಟ್ ಬೇಸಿಗೆ ಆ ಬೆಳಗಾವಿಯವರ ಹುಡುಗಿನ ನಿಲ್ಲಿಸ್ತೀನಿ. ಫೋನಿನ್ಯಾಗ ಹೇಳೂ ಮಾತಲ್ಲ, ಅದಕ್ಕ ಬಂದೆ."

"ಅಂದ್ರೆ ನನ್ನನ್ನ ತೆಗೀತಿದೀರ. ನೇರ ಹೇಳಿ ಕಾಕಾ."

"ನೇರಾನ ಹೇಳಿದ್ನೆಲ್ಲೊ. ಮುಂದಿನ ವಾರ ನೋಡೂಣು ಅಂತ ಸುಳ್ಳ ಹೇಳಾಕ ನನಗ ಬರಂಗಿಲ್ಲ."

ಸಿಟ್ಟು ನೆತ್ತಿಗೇರಿತು. ನೀವೇನು ದೊಡ್ಡ ಹೀರೊನಾ, ನಿಮ್ಮ ಚೆಂಡೂ ಈಗ ತೆವಳಿಕೊಂಡೇ ಹೋಗೋದು, ಎಂದೆಲ್ಲ ಅಂದೆ. ಅವರು ಎದುರಾಡಲಿಲ್ಲ, ಎದ್ದೂ ಹೋಗಲಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ನೆನಪಿರುವುದು ಅದೇ. ಕೆಟ್ಟ ಸುದ್ದಿ ಹೇಳಿದ ಮನುಷ್ಯ ನನ್ನ ಮುಂದೆಯೇ ಕೂತಿದ್ದರು. ನಾನು ಬೈದು ಮುಗಿಸುವ ತನಕ ಕೂತರು, ಆಮೇಲೆ ನಾನು ಸುಮ್ಮನಾದಾಗಲೂ ಕೂತರು. ನನ್ನ ಹೆಂಡತಿ ಎರಡನೆಯ ಸಲ ಚಹಾ ತಂದಿಟ್ಟಳು.

ಆಗ ಅವರು ಇನ್ನೊಂದು ಮಾತು ತೆಗೆದರು. "ನಿನ್ನ ಕೈ ತಡಾ ಆಗಾಕತ್ತೈತಿ. ಕಣ್ಣಿಗೇನೂ ಆಗಿಲ್ಲ. ಓಣ್ಯಾಗ ಕ್ರಿಕೆಟ್ ಆಡುವಾಗ ರನ್ನಿಗೆ ಕರಿಯೂದ್ರಾಗ ನಿನ್ನಂಥಾಂವ ಯಾರೂ ಇರ್ಲಿಲ್ಲ. ಥರ್ಡ್ ಬೇಸಿನ ಬಾಜೂಕ ನಿಂದ್ರು."

ಬೇಸ್‌ಬಾಲಿನಲ್ಲಿ ಮೂರನೆಯ ಬೇಸಿನ ಪಕ್ಕ ಬ್ಯಾಟಿಂಗ್ ತಂಡದ ಒಬ್ಬ ನಿಂತಿರುತ್ತಾನೆ. ಓಡಿ ಬರುವವನಿಗೆ ಚೆಂಡು ಬೆನ್ನ ಹಿಂದೆ, ಕಾಣುವುದಿಲ್ಲ. ಈ ಮನುಷ್ಯನೇ ಅವನ ಕಣ್ಣು. ಓಡು ಅಂದರೆ ಓಡಬೇಕು, ನಿಲ್ಲು ಅಂದರೆ ನಿಲ್ಲಬೇಕು. ಕಾಕಾ ನನಗೆ ಕರುಣೆಯಿಂದ ಒಂದು ಮೂಲೆ ಕೊಡುತ್ತಿದ್ದಾರೆ ಎಂದೇ ಮೊದಲು ಅನ್ನಿಸಿತು. ಹಾಗೇ ಅಂದೆ.

"ಕರುಣಾ ಇಲ್ಲ, ಏನಿಲ್ಲ," ಎಂದು ರೇಗಿದರು. "ಮತ್ತೊಂದು ಕೆಲಸಾನೂ ನಿನಗ ಹಚ್ಚಾಕ ಬಂದೀನಿ. ಆಟ ಬಿಡೂ ನನ್ನ ಪಾಳಿ ಬಂದಾಗ ನೀ ಹೇಳಬೇಕು. ನನಗ ಗೊತ್ತಾಗಂಗಿಲ್ಲ. ಯಾರಿಗೂ ತಮ್ಮದು ತಮಗ ಗೊತ್ತಾಗಂಗಿಲ್ಲ. ಹುಡುಗ್ರು ಹೇಳಂಗಿಲ್ಲ, ಮರ್ಯಾದಿ ಮಾಡ್ತಾವು. ನೀ ಹೇಳು."

ಮರುದಿನ ಹೋಗಬಾರದೆಂದೇ ಇದ್ದೆ. ಬೆಳಗ್ಗೆ ಕಾಲು ತಾನಾಗಿ ಹೋಯಿತು. ಥರ್ಡ್ ಬೇಸಿನ ಪಕ್ಕ ನಿಂತು "ಓಡೂ... ಓಡೂ... ನಿಲ್ಲೇ ತಾಯಿ!" ಎಂದು ಕೂಗಿದೆ. ಬೆಳಗಾವಿಯವರ ಮಗಳು ಧೂಳೆಬ್ಬಿಸಿಕೊಂಡು ನಿಂತಳು, "ಗುಡ್ ಕಾಲ್, ಅಂಕಲ್" ಅಂದಳು. ಕನ್ನಡದಲ್ಲಿ ಕೂಗಿದರೆ ಎದುರು ತಂಡಕ್ಕೆ ತಿಳಿಯುವುದಿಲ್ಲವಲ್ಲ ಎಂಬ ಹೆಮ್ಮೆ ನಮ್ಮದು. ಅರೋರಾ ಊರಿನ ತಂಡದಲ್ಲಿ ವಿಕೆಟ್ ಕೀಪರಿನ ಹಾಗೆ ಹಿಂದೆ ಕೂರುವ ಕ್ಯಾಚರ್ ಒಂದು ದಿನ ಮುಖದ ಜಾಲರಿ ಎತ್ತಿ, "ನಂದೂ ದಾವಣಗೆರೇನೆ ಸಾರ್" ಅಂದಾಗ ಅದಕ್ಕೂ ಕಲ್ಲು ಬಿತ್ತು. ಆದರೂ ನನಗೆ ಆ ಜಾಗ ಒಗ್ಗಿತು. ಮಕ್ಕಳು ನನ್ನ ಕೈ ನೋಡಿಕೊಂಡು ಓಡುತ್ತಿದ್ದರು. ಅದೇ ಧೈರ್ಯದಲ್ಲಿ ಕೆಲಸ ಹುಡುಕಿದೆ, ತಡವಾಗಿಯಾದರೂ ಸಿಕ್ಕಿತು.

ನನಗೆ ಹಚ್ಚಿದ ಇನ್ನೊಂದು ಕೆಲಸ ಮಾತ್ರ ಎದೆಯ ಮೇಲೆ ಕೂತಿತ್ತು. ಮುಂದಿನ ಬೇಸಿಗೆಯ ಹೊತ್ತಿಗೆ ಕಾಕಾರ ತೋಳು ಸೋತಿತ್ತು. ಎಸೆದ ಚೆಂಡು ಬ್ಯಾಟಿನವನ ಮುಂದೆಯೇ ನೆಲಕ್ಕೆ ಬೀಳುತ್ತಿತ್ತು, ಬೀಳದಿದ್ದರೆ ಹೊಡೆಸಿಕೊಳ್ಳುತ್ತಿತ್ತು. ಮಕ್ಕಳು ಬೂಟಿನ ತುದಿ ನೋಡಿಕೊಂಡು ನಿಲ್ಲುತ್ತಿದ್ದರು. ಫಸ್ಟ್ ಬೇಸಿನ ಹುಡುಗಿ ನಮ್ಮೆಲ್ಲರಿಗಿಂತ ಜೋರಾಗಿ ಎಸೆಯಬಲ್ಲಳು ಎಂಬುದು ಎಲ್ಲರಿಗೂ ಗೊತ್ತಿತ್ತು. ಮುಂದಿನ ವಾರ ಹೇಳೋಣ, ಆ ಮುಂದಿನ ವಾರ ಹೇಳೋಣ ಎಂದು ನಾನೇ ದಿನ ದೂಡುತ್ತಿದ್ದೆ. ಸುಳ್ಳು ಹೇಳದ ಮನುಷ್ಯನಿಗೆ ನಿಜ ಹೇಳುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ.

ಗೆದ್ದರೆ ಮುಂದಿನ ಸುತ್ತು, ಸೋತರೆ ಆ ವರ್ಷದ ಆಟ ಮುಗಿಯಿತು ಎಂಬ ಪಂದ್ಯ. ನಾವು ಮುಂದಿದ್ದೆವು, ಕಾಕಾ ಎಸೆಯುತ್ತ ಎಸೆಯುತ್ತ ಆ ಮುನ್ನಡೆ ಕರಗಿತು. ಈ ಆಟದಲ್ಲಿ ಪಿಚರನ್ನು ಬದಲಿಸಬೇಕಾದರೆ ತಂಡದ ಯಜಮಾನ ಮೈದಾನದ ನಡುವಿನ ದಿಬ್ಬಕ್ಕೆ ನಡೆದು ಹೋಗಿ, ಕೈ ಚಾಚಿ ಚೆಂಡು ಕೇಳುವುದು ರೂಢಿ. ನಮ್ಮ ಯಜಮಾನರೇ ದಿಬ್ಬದ ಮೇಲೆ ನಿಂತಿದ್ದರು. ಕೇಳುವವರು ಯಾರು?

ಬೆಂಚಿನಿಂದ ಎದ್ದೆ. ಅಷ್ಟು ಚಿಕ್ಕ ಮೈದಾನ ಆವತ್ತು ಮುಗಿಯಲೇ ಇಲ್ಲ. ಹತ್ತಿರ ಹೋದೆ. ಅವರ ಮುಖದ ಬೆವರು ಗದ್ದದಿಂದ ಹನಿಯುತ್ತಿತ್ತು. ಸುಮ್ಮನೆ ಕೈ ಚಾಚಿದೆ.

"ಬಾಯಿ ಬಿಟ್ಟ ಹೇಳು," ಅಂದರು.

"ಸಾಕು, ಕಾಕಾ. ಇವತ್ತಿಗಲ್ಲ, ಪೂರ್ತಿ ಸಾಕು."

ಚೆಂಡನ್ನು ಬೆರಳಿನಲ್ಲಿ ತಿರುಗಿಸುತ್ತ ನಿಂತರು. ಅಂಪೈರು ಬೇಗ ಮುಗಿಸಿ ಎಂದು ಕೂಗಿದ. ಕಾಕಾ ಚೆಂಡನ್ನು ನನ್ನ ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ಅದರ ಸುತ್ತ ತಾವೇ ಮಡಚಿದರು. ಹುಡುಗಿಯ ಹತ್ತಿರ ಹೋಗಿ ಬೆನ್ನು ತಟ್ಟಿ, ತಲೆ ಎತ್ತಿಕೊಂಡೇ ಬೆಂಚಿಗೆ ನಡೆದರು. ಅವಳ ಕಣ್ಣಲ್ಲಿ ನೀರಿತ್ತು. ಚೆನ್ನಾಗಿಯೇ ಎಸೆದಳು, ಆದರೂ ಸೋತೆವು.

ಪಂದ್ಯ ಮುಗಿಯುವ ತನಕ ಅವರು ಬೆಂಚಿನ ತುದಿಯಲ್ಲಿ ಕೂತು ಗ್ಲೌಸಿಗೆ ಎಣ್ಣೆ ತಿಕ್ಕುತ್ತಲೇ ಇದ್ದರು. ನನ್ನ ಮೇಲೆ ಮುನಿದರು ಅಂದುಕೊಂಡು ನಾನು ದೂರವೇ ಇದ್ದೆ. ಪಾರ್ಕಿಂಗ್ ಜಾಗದಲ್ಲಿ ಡಿಕ್ಕಿ ತೆರೆದಾಗ ಗಿರ್ಮಿಟ್ಟಿನ ಮೊದಲ ತಟ್ಟೆಯನ್ನು ನನ್ನ ಕೈಗಿಟ್ಟರು. ಹಸಿಮೆಣಸಿನಕಾಯಿ ನನಗೆ ಆಗುವುದಿಲ್ಲವೆಂದು ತಾವೇ ಆರಿಸಿ ತೆಗೆದಿದ್ದರು.

"ಎರಡ ವಾರ ತಡಾ ಮಾಡಿದಿ," ಅಂದರು. ಅಷ್ಟೇ.

ಆಮೇಲೂ ಪ್ರತಿ ಭಾನುವಾರ ಬಂದು ಬೆಂಚಿನಲ್ಲಿ ಕೂತು, ಎಣ್ಣೆ ತಿಕ್ಕುತ್ತ, ಎಲ್ಲರನ್ನೂ ಬೈಯುತ್ತಿದ್ದರು. ಹೋದ ವರ್ಷದ ಚಳಿಗಾಲದಲ್ಲಿ, ಮನೆಯ ಮುಂದಿನ ಹಿಮ ತೆಗೆದು ಒಳಗೆ ಹೋಗಿ ಕೂತವರು ಏಳಲಿಲ್ಲ. ಹೃದಯ ಅಂದರು. ಕಾಕೂ ಮಗಳ ಜೊತೆ ಕ್ಯಾಲ್ಗರಿಗೆ ಹೋದರು. ನನಗೆ ಈ ದೇಶದಲ್ಲಿ ಯಾರ್ಯಾರೋ ಏನೇನೋ ಕೊಟ್ಟಿದ್ದಾರೆ. ಎದುರಿಗೆ ಕೂತು ನಿಜ ಹೇಳುವ ಗೌರವ ಕೊಟ್ಟವರು ಅವರು, ನನ್ನಿಂದಲೂ ನಿಜ ಕೇಳುವಷ್ಟು ನನ್ನನ್ನು ನಂಬಿದವರು ಅವರು. ಬದುಕಿದ್ದಾಗ ಒಂದು ಥ್ಯಾಂಕ್ಸ್ ಹೇಳಿದ್ದರೂ "ಹೋಗಲೇ" ಅನ್ನುತ್ತಿದ್ದರು, ಬಿಡಿ.

ಬೆಳಗಾವಿಯವರ ಮಗಳೇ ಈಗ ತಂಡದ ಯಜಮಾನಿ. ಹೋದ ಭಾನುವಾರ ಈ ವರ್ಷದ ಮೊದಲ ಅಭ್ಯಾಸ. ಮೈದಾನ ಇನ್ನೂ ಹಸಿಯಾಗಿತ್ತು. ಹೋದ ವರ್ಷ ನನ್ನ ಮಾತು ಕೇಳಿ ಓಡಿದ ಒಬ್ಬಿಬ್ಬರು ಔಟಾಗಿದ್ದರು. ಬಿಸಿಲು ಕಣ್ಣಿಗೆ ಹೊಡೆಯಿತು ಅಂದುಕೊಂಡು ನಾನು ಅದನ್ನು ಮರೆತಿದ್ದೆ. ಕಾಕಾ ನನಗೆ ಹಚ್ಚಿದ ಕೆಲಸದ ಕತೆಯನ್ನೆಲ್ಲ ಅವಳಿಗೆ ಹೇಳಿದೆ. "ನನ್ನ ಸರದಿ ಬಂದಾಗ ನೀನು ಹೇಳ್ಬೇಕಮ್ಮ, ಮುಚ್ಚಿಡಬಾರದು" ಅಂದೆ. ಯಾವಾಗಲೋ ಬರುವ ದಿನದ ಮಾತು ಎಂಬ ಧೈರ್ಯದಲ್ಲಿ, ಸ್ವಲ್ಪ ದೊಡ್ಡಸ್ತಿಕೆಯಿಂದಲೇ ಹೇಳಿದ್ದೆ.

ಅವಳು ಮುಖ ತಿರುಗಿಸಲಿಲ್ಲ. ನನ್ನ ಕೈ ಹಿಡಿದುಕೊಂಡಳು. ಈ ಸಲ ಕನ್ನಡದಲ್ಲೇ ಅಂದಳು.

"ಅಂಕಲ್, ಹೋದ ವರ್ಷನ ಹೇಳಬೇಕಂತ ಮಾಡಿದ್ದೆ."

ನೋವಾಯಿತು, ಅದರ ಹಿಂದೆಯೇ ನಗು ಬಂತು. ಎಷ್ಟು ಚೆನ್ನಾಗಿ ಕಲಿಸಿದ್ದರು ನಮಗೆಲ್ಲ... ಇದನ್ನು ಈಗಲೇ ಕಾಕಾರಿಗೆ ಹೇಳಬೇಕು ಅನ್ನಿಸಿ ಕಾರು ತೆಗೆದೆ, ನಮ್ಮ ಬೀದಿಗೆ ತಿರುಗಿ, ನನ್ನ ಮನೆ ದಾಟಿ, ನಾಲ್ಕು ಬಾಗಿಲು ಆಚೆ ಹೋಗಿ ನಿಲ್ಲಿಸಿಯೂಬಿಟ್ಟೆ. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ.