ಚಲಪತಿಗಿಂತ ಜೋರಾದ ಹಾರನ್

ಸ್ನೇಹಿತರೇ, ಇವತ್ತು ಬರೀ ಹೊಟ್ಟೆಕಿಚ್ಚಿಗೆ ಕೋಲಾರಕ್ಕೆ ಹೋಗಿ ಒಂದು ಹಾರನ್ ಕೊಂಡೆ.

ಶ್ರೀನಿವಾಸಪುರದ ಚಲಪತಿ ನನ್ನ ಸೋದರಮಾವನ ಮಗ. ಅವನ ಮೋಟಾರ್ ಸೈಕಲ್ಲಿಗೆ ಮದರಾಸಿನಿಂದ ತರಿಸಿದ ಹಾರನ್ ಇದೆ. ನಮ್ಮಮ್ಮನಿಗೆ ಕಿವಿ ಮಂದ. ಆದರೂ ಅವನು ನಮ್ಮ ಹೋಳೂರಿನ ಕೆರೆ ಏರಿ ಮೇಲೆ ಹಾರನ್ ಒತ್ತಿದರೆ ಅಡುಗೆಮನೆಯಲ್ಲಿ ಅವಳ ಮುಖ ಅರಳುತ್ತೆ. ನಾನು ನನ್ನ ಮೋಟಾರ್ ಸೈಕಲ್ಲಿನದನ್ನು ಬಾಗಿಲಲ್ಲೇ ಒತ್ತಿದರೂ ತಲೆ ಎತ್ತಲ್ಲ.

ಅಂಗಡಿಯ ಸಾಬರು ಒಂದೊಂದಾಗಿ ಒತ್ತಿ ತೋರಿಸಿದರು. ಉದ್ದನೆಯ ಹಿತ್ತಾಳೆಯದು, ದಪ್ಪ ರಬ್ಬರ್ ಉಂಡೆ ಇದ್ದದ್ದು ನನಗೆ ಹಿಡಿಸಿತು.

"ಇದು ಲಾರಿಗೆ ಹಾಕೋದು ಸ್ವಾಮಿ, ನಿಮ್ಮ ಗಾಡಿಗೆ ಜಾಸ್ತಿ ಆಗ್ತದೆ" ಅಂದರು.

"ಜಾಸ್ತಿ ಆಗ್ಲಿ ಅಂತಾನೇ ಬಂದಿರೋದು, ಬಿಗೀರಿ" ಅಂದೆ. ಹ್ಯಾಂಡಲ್ಲಿಗೆ ತಗಡಿನ ಪಟ್ಟಿ ಸುತ್ತಿ ಬಿಗಿದರು.

ದಾರಿಯುದ್ದಕ್ಕೂ ಒತ್ತಿಕೊಂಡೇ ಬಂದೆ. ಒಂದು ಜಟಕಾ ಕುದುರೆ ಬೆದರಿ ರಾಗಿ ಹೊಲಕ್ಕೆ ಇಳಿಯಿತು. ಜಟಕಾದವನು ತೆಲುಗಲ್ಲಿ ಬೈದ. ನನಗೆ ಸಂತೋಷವೇ ಆಯಿತು. ಮನೆ ಮುಂದೆ ಗಾಡಿ ನಿಲ್ಲಿಸಿ ಎರಡೂ ಕೈಯಲ್ಲಿ ಉಂಡೆ ಅದುಮಿದೆ.

ಅಮ್ಮನಿಗೆ ಕೇಳಿಸಿತು. ಒಳಗಿಂದ ನನ್ನ ಹೆಂಡತಿಗೆ ಕೂಗಿ ಹೇಳಿದಳು: "ಪದ್ಮಾ, ಚಲಪತಿ ಬಂದ ಕಣೇ. ಕಾಫಿಗಿಡು."

ನಾನು ಒಳಗೆ ಹೋಗಿ, "ನಾನಮ್ಮಾ" ಅಂದೆ.

"ನೀನಾ? ಅವನು ಹಿಂದೆ ಬರ್ತಿದಾನಾ?" ಅಂತ ನನ್ನ ಭುಜದಾಚೆ ಬಾಗಿಲ ಕಡೆ ನೋಡಿದಳು.

ಕಾಫಿ ಆರಿಹೋಗುತ್ತೆ ಅಂತ ನಾನೇ ಕುಡಿದೆ. ಯುದ್ಧ ಶುರುವಾಗಿ ಸಕ್ಕರೆಗೆ ರೇಷನ್ ಬಂದ ಮೇಲೆ ಈ ಮನೆಯಲ್ಲಿ ನನಗೆ ದಿನಾ ಬೆಲ್ಲದ ಕಾಫಿ. ಇದರಲ್ಲಿ ಸಕ್ಕರೆ ಇತ್ತು.